ಟ್ರಿಗ್ಲಾವ್ ಶಿಖರ ಬಿಡಿ, ಸುತ್ತು ಹಾಕಿ

ಯುರೋಪಿನ ಸ್ಲೊವೇನಿಯಾಕ್ಕೆ ಹೋದ ನಮ್ಮ ಧಾರವಾಡದ ಮಂದಿ ಬ್ಲೆಡ್ ಕೆರೆ ನೋಡಿ ವಾಪಸ್ ಬರುತ್ತಾರೆ. ಬಸ್ಸಿನಲ್ಲಿ ಇನ್ನಷ್ಟು ಮುಂದೆ ಹೋಗಿ. ಟ್ರಿಗ್ಲಾವ್ ರಾಷ್ಟ್ರೀಯ ಉದ್ಯಾನದ ಒಳಗೇ ಬೋಹಿನ್ ಕೆರೆ ಸಿಗುತ್ತದೆ. ಅಲ್ಲಿಂದ ಹೊರಟು, ಮೂರು ರಾತ್ರಿ ಗುಡ್ಡದ ಹಟ್‌ಗಳಲ್ಲಿ (ಊಟ, ಹಾಸಿಗೆ ಸಿಗುವ ತಂಗುಮನೆಗಳಲ್ಲಿ) ಮಲಗಿ, ನಾಲ್ಕನೇ ದಿನ ಅದೇ ಕೆರೆಗೆ ಇಳಿಯಬಹುದು. ಟೆಂಟು ಬೇಡ, ಉದ್ಯಾನದಲ್ಲಿ ಟೆಂಟು ಹೊಡೆಯುವಂತೆಯೂ ಇಲ್ಲ. ದೊಡ್ಡ ಬ್ಯಾಗನ್ನು ಕೆರೆ ದಂಡೆಯ ಲಾಡ್ಜಿನಲ್ಲಿ ಕೇಳಿ ಇಟ್ಟು ಹೋಗಿ. ತಿರುಗಿ ಅಲ್ಲಿಗೇ ಬರುತ್ತೀರಲ್ಲ.

ಟ್ರಿಗ್ಲಾವ್ ಸ್ಲೊವೇನಿಯಾದಲ್ಲೇ ಎತ್ತರದ ಶಿಖರ, 2864 ಮೀಟರ್. ಕೊನೆಯ ಏರನ್ನು ಬಂಡೆಗೆ ಹೊಡೆದ ಗೂಟ, ಕಬ್ಬಿಣದ ಹಗ್ಗ ಹಿಡಿದು ಹತ್ತಬೇಕು. ನಾನೂ ನಮ್ಮ ಮನೆಯವರೂ ಅದನ್ನು ಬಿಟ್ಟೆವು. ಮೊಣಕಾಲಿನ ತಕರಾರು ಇರುವವರೂ ಬಿಡಿ. ಕಣಿವೆ, ಕೆರೆ, ಬಿಳಿ ಬಂಡೆ ಎಲ್ಲ ಸುತ್ತು ದಾರಿಯಲ್ಲೇ ಇವೆ.

ಮೊದಲ ದಿನ ಸಾವಿತ್ಸಾ ಜಲಪಾತದ ಹತ್ತಿರದಿಂದ ಹೊರಡಿ. ಕೊಮಾರ್ಚಾ ಎಂಬ ಬೋರ್ಡೂ ಕಾಣುತ್ತದೆ. ಅದು ಕಡಿದಾದ ದಾರಿ, ಬೇಡ. ಕೋಮ್ನಾ ಕಡೆ ತಿರುಗಿ. ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸಾಮಾನು ಸಾಗಿಸಿದ ಅಗಲ ದಾರಿ ಅದು. ಸುತ್ತಿ ಸುತ್ತಿ ನಿಧಾನಕ್ಕೆ 1520 ಮೀಟರ್‌ಗೆ ಏರುತ್ತದೆ. ಅಲ್ಲಿಯ ಹಟ್‌ನಲ್ಲಿ ಊಟ ಮುಗಿಸಿ, 1685 ಮೀಟರ್‌ನಲ್ಲಿರುವ ಟ್ರಿಗ್ಲಾವ್ ಕೆರೆಗಳ ಹಟ್‌ನಲ್ಲಿ ಮಲಗಿ.

ಎರಡನೇ ದಿನವೇ ನಿಜವಾದ ದಿನ. ಬೆಳಿಗ್ಗೆ ಆರಕ್ಕೆಲ್ಲ ಹೊರಡಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಜಾಸ್ತಿ, ಮೇಲೆ ಯಾವ ಆಸರೆಯೂ ಇಲ್ಲ. ಮೊದಲು ಗಿಡಗಳು ಕುಳ್ಳಾಗುತ್ತವೆ, ಆಮೇಲೆ ಬರೀ ಕಲ್ಲು. 2358 ಮೀಟರ್‌ನ ಹ್ರಿಬಾರಿಟ್ಸೆ ಎಂಬ ಗುಡ್ಡ ದಾಟುವ ಜಾಗದಲ್ಲಿ ಜುಲೈನಲ್ಲೂ ಹಿಮ ಉಳಿದಿರಬಹುದು. ಹಾಗಾಗಿ ಆಗಸ್ಟ್ ಕೊನೆ, ಸೆಪ್ಟೆಂಬರ್ ಒಳ್ಳೆಯದು. ಅದು ದಾಟಿ ಇಳಿದರೆ ದೋಲಿಚ್ ಹಟ್, 2151 ಮೀಟರ್.

ನೀರಿನ ಮಾತು ಗಟ್ಟಿಯಾಗಿ ಹೇಳುತ್ತೇನೆ. ಅದು ಸುಣ್ಣಕಲ್ಲಿನ ಗುಡ್ಡ. ಬಿದ್ದ ಮಳೆ ಬಿರುಕಿನಲ್ಲಿ ಇಳಿದುಹೋಗುತ್ತದೆ. ದಾರಿಯಲ್ಲಿ ತೊರೆ ಸಿಗುತ್ತದೆ ಅಂತ ನಂಬಬೇಡಿ. ಹಟ್‌ನಲ್ಲಿ ಬಾಟಲಿ ನೀರು ಕೊಳ್ಳಬೇಕು, ಸ್ನಾನ ಮರೆತುಬಿಡಬೇಕು. ನಗದು ಯೂರೋ ಇರಲಿ.

ಊಟಕ್ಕೆ ರಿಚೆತ್ ಎಂಬ ಬಾರ್ಲಿ ಗಂಜಿ ಸಿಗುತ್ತದೆ, ಅದರಲ್ಲಿ ಮಾಂಸ ಇರುವುದೇ ಹೆಚ್ಚು. ಸಸ್ಯಾಹಾರಿಗಳು 'ಬ್ರೆಜ್ ಮೆಸಾ' ಎಂದು ಕೇಳಿ, ಅಂದರೆ ಮಾಂಸವಿಲ್ಲದ್ದು. ನಾವು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ದಿದ್ದೆವು. ನಡುದಾರಿಯ ಹಸಿವಿಗೆ ಅದಕ್ಕಿಂತ ಹಗುರವಾದದ್ದು ಬೇರೆ ಇಲ್ಲ. ತುಪ್ಪ, ಪೇಢಾ ಮಾತ್ರ ಮನೆಯಲ್ಲೇ ಬಿಡಿ. ಹೊರಗಿನ ಹಾಲಿನ ಪದಾರ್ಥ, ಮಾಂಸ ಯುರೋಪಿನ ಒಕ್ಕೂಟಕ್ಕೆ ತರುವಂತಿಲ್ಲ.

ಹಾಸಿಗೆ ಮೊದಲೇ ಕಾಯ್ದಿರಿಸಿ. ಬೂಟು ಬಾಗಿಲಲ್ಲೇ ಬಿಡಬೇಕು, ಹಗುರ ಚಪ್ಪಲಿ ಇರಲಿ. ರಗ್ಗು ಕೊಡುತ್ತಾರೆ. ಅದರೊಳಗೆ ಮಲಗಲು ತೆಳು ಬಟ್ಟೆಯ ಚೀಲ ನಿಮ್ಮದೇ ಬೇಕು. ದಾರಿಯುದ್ದಕ್ಕೂ ಕಲ್ಲು, ಮರಗಳ ಮೇಲೆ ಕೆಂಪು ಬಳೆಯೊಳಗೆ ಬಿಳಿ ಚುಕ್ಕೆ ಇರುತ್ತದೆ, ಅದೇ ದಾರಿಯ ಗುರುತು. ಬೋರ್ಡಿನಲ್ಲಿ ಕಿಲೋಮೀಟರ್ ಬದಲು ಗಂಟೆ ಬರೆದಿರುತ್ತಾರೆ, ನಿಮ್ಮ ಕಾಲಿಗೆ ಅದಕ್ಕೆ ಅರ್ಧ ಸೇರಿಸಿ. ಅಪಾಯದಲ್ಲಿ 112.

ಮೂರನೇ ದಿನ 1817 ಮೀಟರ್‌ನ ವೋದ್ನಿಕೊವ್ ಹಟ್‌ವರೆಗೆ ಸಣ್ಣ ನಡಿಗೆ. ನಾಲ್ಕನೇ ದಿನ ವೋಯೆ ಕಣಿವೆ ಹಿಡಿದು ಬೋಹಿನ್ ಕೆರೆ ಹತ್ತಿರದ ಸ್ಟಾರಾ ಫುಜಿನಾ ಊರಿಗೆ ಇಳಿಯಬೇಕು. ಸಾವಿರ ಮೀಟರ್ ದಾಟಿದ ಇಳುಕಲು, ಮೊಣಕಾಲು ಮಾತಾಡುವುದು ಇಲ್ಲೇ.

ಅದಕ್ಕೇ ಊರಲ್ಲಿ ತಯಾರಿ ಮಾಡುವಾಗ ಏರಿಗಿಂತ ಇಳಿಯುವುದಕ್ಕೆ ಗಮನ ಕೊಡಿ. ಬೆನ್ನಿಗೆ ಏಳೆಂಟು ಕಿಲೋ ಹಾಕಿಕೊಂಡು ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತಿ ಇಳಿಯಿರಿ, ಬೂಟು ಅಲ್ಲೇ ಪಳಗಲಿ. ಗದಗಿನ ಕಪ್ಪತಗುಡ್ಡ ಇನ್ನೂ ಒಳ್ಳೆಯದು. ಆದರೆ 2019ರಿಂದ ಅದು ವನ್ಯಜೀವಿಧಾಮ, ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಿ.