ಆಮೊರಿಯ ಗಂಟೆಗೆ ಮುಚ್ಚುವ ಕೋಳಿಗೂಡು

ತಂಗಿಯ ಮಗನ ಹೆಂಡತಿ ಬಂಟ್ವಾಳದ ಕಡೆಯ ತೋಟದ ಮನೆಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಆಗಲೇ ಹದಿನೈದು ಹೇಂಟೆ ತಂದು ಹಟ್ಟಿಯ ಮೂಲೆಗೆ ಬಲೆ ಕಟ್ಟಿ ಸಾಕುತ್ತಿದ್ದಾಳೆ. ಮೊನ್ನೆ ಫೋನು ಮಾಡಿ, "ಮಾವ್ಶಿ, ದಿನಕ್ಕೆ ಎರಡು ಮೊಟ್ಟೆ ಸಿಕ್ಕರೆ ಹೆಚ್ಚು. ಇವಕ್ಕೆ ಏನು ಕೇಡು?" ಅಂದಳು. ಕೋಳಿಯನ್ನು ನೋಡುವ ಮೊದಲು ಗೂಡನ್ನು ನೋಡಬೇಕು ಮಗಾ ಅಂದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲವಾದ್ದರಿಂದ ಬರೆಯಲು ಕೂತಿದ್ದೇನೆ. ಹೊಸದಾಗಿ ಕೋಳಿ ಕಟ್ಟುವವರು ಇನ್ನೂ ಇರಬಹುದು, ಅವರಿಗೂ ಆದೀತು.

ಹಟ್ಟಿಯ ಮೂಲೆ ಬೇಡ. ದನದ ಗಂಜಲದ ತೇವ, ಕೋಳಿಯ ಹಿಕ್ಕೆಯ ಘಾಟು ಎರಡೂ ಸೇರಿದರೆ ಮಳೆ ಹೊಡೆಯುವ ಆಟಿ ತಿಂಗಳಲ್ಲಿ ಅಲ್ಲಿ ಮನುಷ್ಯರೇ ನಿಲ್ಲಲಾಗದು. ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರದಲ್ಲಿ, ನೀರು ನಿಲ್ಲದ ಕಡೆ ಬೇರೆಯೇ ಗೂಡು ಕಟ್ಟಿಸು. ಉದ್ದ ಪೂರ್ವ ಪಶ್ಚಿಮವಾಗಿರಲಿ. ಆಗ ಬಿಸಿಲು ನೇರ ಒಳಗೆ ಹೊಡೆಯುವುದಿಲ್ಲ. ನಮ್ಮ ಕರಾವಳಿಯ ಮಳೆ ಗಾಳಿಯೊಂದಿಗೆ ಪಶ್ಚಿಮದಿಂದ ಓರೆಯಾಗಿ ಬರುವುದರಿಂದ ಪಶ್ಚಿಮದ ಗೋಡೆಯನ್ನು ಕೆಂಪುಕಲ್ಲಿನಲ್ಲಿ ಮಾಡಿನ ತನಕ ಏರಿಸಿಬಿಡು. ಉಳಿದ ಕಡೆ ಒಂದೂವರೆ ಅಡಿ ಗೋಡೆ, ಅದರ ಮೇಲೆ ಬಲೆ. ಮಾಡು ಮೂರು ಅಡಿ ಹೊರಗೆ ಚಾಚಿರಲಿ. ಹೆಂಚು ಒಳ್ಳೆಯದು. ತಗಡಾದರೆ ಬೇಸಿಗೆಗೆ ಮೇಲೆ ತೆಂಗಿನ ಮಡಲು ಹಾಸಬೇಕು. ಒಂದು ಕೋಳಿಗೆ ಎರಡು ಚದರಡಿ ಎಂದು ಲೆಕ್ಕ. ಹದಿನೈದಕ್ಕೆ ಮೂವತ್ತಾಯಿತು. ಆದರೆ ಜಡಿಮಳೆಯಲ್ಲಿ ಮೂರು ಮೂರು ದಿನ ಒಳಗೇ ಕೂರುತ್ತವೆ, ಜಾಗ ಸಾಲದಿದ್ದರೆ ಒಂದರ ಪುಕ್ಕ ಒಂದು ಕೀಳುತ್ತದೆ. ಎಂಟು ಅಡಿಗೆ ಐದು ಅಡಿ ಮಾಡಿಸಿಬಿಡು.

ಬಲೆಯ ವಿಷಯಕ್ಕೆ ನನ್ನ ಹೊಟ್ಟೆಯುರಿ ಹೇಳಬೇಕು. ನಾನು ಮದುವೆಯಾಗಿ ಬಂದ ಮೂರನೆಯ ವರ್ಷ. ಕ್ರಿಸ್ಮಸ್ ರಾತ್ರಿಯ ಬಲಿಪೂಜೆಗೆ ಮನೆಮಂದಿಯೆಲ್ಲ ಇಗರ್ಜಿಗೆ ಹೋಗಿದ್ದೆವು. ಗೂಡಿನ ಬಾಗಿಲು ಹಾಕಿದ್ದೆ, ಚಿಲಕ ಸಿಕ್ಕಿಸಿದ್ದೆ. ಆದರೆ ಬಲೆ ದೊಡ್ಡ ಕಣ್ಣಿನದು, ಅಡ್ಡಕೋಲು ಆ ಬಲೆಗೇ ತಾಗಿಕೊಂಡಿತ್ತು. ಒಂದೂವರೆ ಗಂಟೆಗೆ ಬ್ಯಾಟರಿ ಹಿಡಿದು ಬಂದು ನೋಡಿದರೆ ಆರು ಹೇಂಟೆ ಕೋಲಿನ ಕೆಳಗೆ ಬಿದ್ದಿದ್ದವು, ಒಂದಕ್ಕೂ ತಲೆಯಿಲ್ಲ. ಕಾಡುಬೆಕ್ಕು ಒಳಗೆ ಬಂದೇ ಇರಲಿಲ್ಲ, ಹೊರಗೆ ನಿಂತು ಕೈ ಹಾಕಿ ಎಳೆದಿತ್ತು. ಅತ್ತೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ನಮ್ಮಲ್ಲಿ ಅರ್ಧ ಇಂಚು ಕಣ್ಣಿನ ವೆಲ್ಡ್‌ಮೆಶ್ ಬಿಟ್ಟು ಬೇರೆ ಬಲೆಯಿಲ್ಲ. ಅದಾದರೆ ಇಲಿಯೂ ನುಗ್ಗದು, ಮೊಟ್ಟೆಗೆ ಬರುವ ಹಾವೂ ನುಸುಳದು. ಮುಂಗುಸಿ ನೆಲ ಕೆದರಿ ಬರುತ್ತದೆ, ಆದ್ದರಿಂದ ಪಾಯದ ಕಲ್ಲು ಒಂದಡಿ ಮಣ್ಣಿನೊಳಗೆ ಇಳಿಯಬೇಕು.

ಅಡ್ಡಕೋಲು ಬಲೆಯಿಂದ ಒಂದಡಿ ಒಳಗಿರಲಿ. ಅಡಿಕೆ ಮರದ ಸೀಳು ಸಾಕು, ಎರಡು ಇಂಚು ಅಗಲ, ಅಂಚನ್ನು ಕತ್ತಿಯಿಂದ ಸವರಿ ದುಂಡಗೆ ಮಾಡಿಸು. ಒಂದು ಕೋಳಿಗೆ ಎಂಟು ಇಂಚು ಬೇಕು, ನಿನ್ನ ಹದಿನೈದಕ್ಕೆ ಐದಡಿಯ ಎರಡು ಕೋಲು ಸರಿಹೋಗುತ್ತದೆ. ಎರಡೂ ಒಂದೇ ಎತ್ತರದಲ್ಲಿರಬೇಕು. ಏಣಿಯ ಹಾಗೆ ಮಾಡಿದರೆ ಎಲ್ಲಕ್ಕೂ ಮೇಲಿನ ಮೆಟ್ಟಿಲೇ ಬೇಕು, ಸಂಜೆಯಾದರೆ ಜಗಳ. ಮೊಟ್ಟೆ ಇಡುವ ಗೂಡು ಮಾತ್ರ ಕೋಲಿಗಿಂತ ತಗ್ಗಿನಲ್ಲಿರಲಿ. ಎತ್ತರದಲ್ಲಿದ್ದರೆ ಅಲ್ಲೇ ಮಲಗಿ ಅಲ್ಲೇ ಹೇತು ಮೊಟ್ಟೆಯನ್ನೆಲ್ಲ ಹೊಲಸು ಮಾಡುತ್ತವೆ. ಒಂದಡಿ ಉದ್ದಗಲದ ಪೆಟ್ಟಿಗೆ, ಹಳೆಯ ಬುಟ್ಟಿ, ಏನಾದರೂ ಆದೀತು, ಕತ್ತಲೆ ಮೂಲೆಯಲ್ಲಿ ಮೂರು ನಾಲ್ಕು ಇಡು, ಒಣಹುಲ್ಲು ಹಾಕು.

ನೆಲಕ್ಕೆ ಭತ್ತದ ಹೊಟ್ಟನ್ನು ನಾಲ್ಕರಿಂದ ಆರು ಇಂಚು ಹಾಸಬೇಕು. ಮರದ ಮಿಲ್ಲಿನ ಹೊಟ್ಟೂ ಆಗುತ್ತದೆ. ವಾರಕ್ಕೆ ಎರಡು ಸಲ ಕೆದಕಿ ಮಗುಚು. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಅದುಮಿ ನೋಡು. ಕೈಬಿಟ್ಟ ಕೂಡಲೇ ಉದುರಿದರೆ ಸರಿ. ಉಂಡೆಯಾಗಿ ನಿಂತರೆ ತೇವ ಹೆಚ್ಚಾಗಿದೆ, ಒದ್ದೆ ಭಾಗ ತೆಗೆದು ಸುಣ್ಣದ ಪುಡಿ ಬೆರೆಸಿ ಹೊಸ ಹೊಟ್ಟು ಹಾಕು. ಬೆಳಿಗ್ಗೆ ಬಾಗಿಲು ತೆಗೆದಾಗ ನಿನ್ನ ಕಣ್ಣು ಉರಿದರೆ ರಾತ್ರಿಯಿಡೀ ಅವುಗಳ ಕಣ್ಣು ಉರಿದಿದೆ ಎಂದು ತಿಳಿ. ಈ ಹೊಟ್ಟು ಕೆಲವು ತಿಂಗಳು ಕೊಳೆತ ಮೇಲೆ ಅಡಿಕೆ ಬುಡಕ್ಕೆ ಬಂಗಾರ. ಒಲೆಯ ಬೂದಿಯನ್ನೂ ಚೆಲ್ಲಬೇಡ, ಒಣಮಣ್ಣಿನ ಜೊತೆ ಒಂದು ಮೂಲೆಗೆ ಹಾಕಿಡು. ಅದರಲ್ಲಿ ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ.

ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ ಸುಮಾರು ನೂರು ಗ್ರಾಂ ಮೇವು ಬೇಕು. ಬರೇ ನುಚ್ಚು ತೌಡು ಹಾಕಿದರೆ ಹೊಟ್ಟೆ ತುಂಬುತ್ತದೆ, ಮೊಟ್ಟೆ ಬರುವುದಿಲ್ಲ. ಪೇಟೆಯ ಲೇಯರ್ ಮೇವನ್ನು ಅರ್ಧವಾದರೂ ಕೊಡು. ಚಿಪ್ಪಿಗೆ ಸುಣ್ಣದಂಶ ಬೇಕಲ್ಲ, ಅದಕ್ಕೆ ನಮ್ಮಲ್ಲಿ ಮರುವಾಯಿ, ಅಂದರೆ ಚಿಪ್ಪುಮೀನು, ಉಂಟು. ಸುಕ್ಕ ಮಾಡಿ ತಿಂದ ಮೇಲೆ ಚಿಪ್ಪನ್ನು ತೊಳೆದು ಒಣಗಿಸಿ ಕುಟ್ಟಿ ಒಂದು ತೆಂಗಿನ ಗೆರಟೆಯಲ್ಲಿ ಬೇರೆಯಾಗಿ ಇಡು, ಬೇಕಾದದ್ದು ಬೇಕಾದಷ್ಟು ಹೆಕ್ಕುತ್ತದೆ. ಮೊಟ್ಟೆಯ ಚಿಪ್ಪನ್ನು ಹಾಕುವುದಾದರೆ ಹುರಿದು ಪುಡಿಮಾಡಿ ಹಾಕು. ಅರ್ಧರ್ಧ ಹೋಳು ಎಸೆದರೆ ರುಚಿ ಕಂಡು ತಾವೇ ಇಟ್ಟ ಮೊಟ್ಟೆ ಒಡೆಯಲು ಕಲಿಯುತ್ತವೆ, ಆ ಚಟ ಬಿಡಿಸಲು ಆಗುವುದಿಲ್ಲ. ತೋಟಕ್ಕೆ ಮೈಲುತುತ್ತಿನ ಮದ್ದು ಸಿಂಪಡಿಸುವ ದಿನ ಮತ್ತು ಮರುದಿನ ಗೂಡು ತೆಗೆಯಲೇಬೇಡ. ನೀರಿನ ಪಾತ್ರೆಯನ್ನು ಮರದ ಕೆಳಗೆ ಮರೆತಿದ್ದರೆ ಮೊದಲು ಅದನ್ನು ಚೆಲ್ಲು.

ಇನ್ನು ದಿನಚರಿ. ಮುಂಜಾನೆ ಪ್ರಾರ್ಥನೆ ಮುಗಿಸಿ ನೀರು, ಮೇವು ಇಡು, ಬಾಗಿಲು ತೆಗೆಯಬೇಡ. ಹೆಚ್ಚಿನ ಮೊಟ್ಟೆ ಬೀಳುವುದು ಹತ್ತು ಗಂಟೆಯೊಳಗೆ. ಅದಾದ ಮೇಲೆ ಬಿಡು. ಸಂಜೆ ಇಗರ್ಜಿಯಲ್ಲಿ ಆಮೊರಿಯ, ಅಂದರೆ ಮುಸ್ಸಂಜೆಯ ಪ್ರಾರ್ಥನೆಯ, ಗಂಟೆ ಬಡಿದಾಗ ನಮ್ಮತ್ತೆ ಎದ್ದು ನಿಂತು ಶಿಲುಬೆಯ ಗುರುತು ಮಾಡಿ, ಪ್ರಾರ್ಥನೆ ಹೇಳುತ್ತಲೇ ಗೂಡಿನ ಕಡೆ ನಡೆಯುತ್ತಿದ್ದರು. ಎಣಿಸಿ, ಚಿಲಕ ಹಾಕಿ ಬಂದ ಮೇಲೆಯೇ ತೆರ್ಸ್, ಅಂದರೆ ಜಪಸರದ ಪ್ರಾರ್ಥನೆ. ಮಕ್ಕಳು ತೆರ್ಸ್ ಮುಗಿಸಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳಲು ಬಂದಾಗ "ಕೋಳಿ ಎಷ್ಟಿತ್ತು?" ಎಂದು ಕೇಳುವರು, ಲೆಕ್ಕ ತಪ್ಪಿದವ ಬ್ಯಾಟರಿ ಹಿಡಿದು ಹೋಗಬೇಕು. ಈಗ ನಿಮಗೆ ಗಂಟೆ ಕೇಳಿಸದಿದ್ದರೆ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಭಾನುವಾರ ಕೆಲಸ ಮಾಡಬಾರದಲ್ಲ ಎಂದು ನಿನ್ನ ಗಂಡ ಸೋಮಾರಿತನಕ್ಕೆ ಧರ್ಮ ಹೇಳಿದರೆ, ಸಬ್ಬತ್ ದಿನ ಬಾವಿಗೆ ಬಿದ್ದ ಎತ್ತನ್ನು ಎಳೆಯುವುದಿಲ್ಲವೇ ಎಂದು ಯೇಸು ಕೇಳಿದ್ದನ್ನು ನೆನಪಿಸು. ಪೂಜೆಗೆ ಹೋಗುವ ಮುಂಚೆ ನೀರು ಬದಲಾಯಿಸಲು ಐದು ನಿಮಿಷ ಸಾಕು.

ಮೊಟ್ಟೆ ಕಡಿಮೆಯಾಗುವುದಕ್ಕೆ ಕಾರಣ ಹಲವು. ಪುಕ್ಕ ಉದುರಿಸುವ ಕಾಲದಲ್ಲಿ ಇಡುವುದಿಲ್ಲ. ಊರ ಕೋಳಿಯಾದರೆ ವರ್ಷಕ್ಕೆ ಅರುವತ್ತು ಎಂಬತ್ತೇ ಹೆಚ್ಚು. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿ ಅದಕ್ಕಿಂತ ಹೆಚ್ಚು ಇಡುತ್ತದೆ, ಆದರೆ ಕಾವಿಗೆ ಕೂರುವುದು ಅಪರೂಪ. ಮರಿ ಬೇಕಾದರೆ ಊರ ಹೇಂಟೆ ಒಂದೆರಡು ಇರಲೇಬೇಕು. ಇಪ್ಪತ್ತೊಂದು ದಿನ ಅದು ಕೂತು, ಮರಿ ಹೊರಟ ಮೇಲೆ ಗಿಡುಗನ ನೆರಳು ಬಿದ್ದರೆ ರೆಕ್ಕೆ ಬಿಚ್ಚಿ ಎಲ್ಲವನ್ನೂ ಅಡಗಿಸುವುದನ್ನು ಹತ್ತಿರದಿಂದ ನೋಡು. ಜೆರುಸಲೇಮನ್ನು ನೋಡಿ ಯೇಸು ಯಾಕೆ ಮರಿಗಳನ್ನು ರೆಕ್ಕೆಯಡಿ ಕೂಡಿಸುವ ಕೋಳಿಯ ಮಾತೇ ಆಡಿದರು ಎಂದು ಪ್ರಸಂಗ ಕೇಳದೆಯೇ ತಿಳಿಯುತ್ತದೆ. ಮರಿ ಬೇಡವಾದಾಗ ಕಾವಿಗೆ ಕೂತರೆ, ಕೆಳಗೆ ಗಾಳಿಯಾಡುವ ಪಂಜರದಲ್ಲಿ ಹುಲ್ಲಿಲ್ಲದೆ ಮೂರು ನಾಲ್ಕು ದಿನ ಇಡು, ಹೊಟ್ಟೆ ತಣ್ಣಗಾಗಿ ಬಿಟ್ಟುಬಿಡುತ್ತದೆ. ನೀರು ಮೇವು ತಪ್ಪಿಸಬೇಡ.

ಬೆಳಕೂ ಒಂದು ಕಾರಣ. ಹೇಂಟೆಗೆ ಹದಿನಾಲ್ಕು ಗಂಟೆ ಬೆಳಕು ಸಿಕ್ಕರೆ ಚೆನ್ನಾಗಿ ಇಡುತ್ತದೆ, ಡಿಸೆಂಬರಿನಲ್ಲಿ ನಮ್ಮ ಹಗಲು ಹನ್ನೊಂದೂವರೆ ಗಂಟೆಯೂ ಇರುವುದಿಲ್ಲ. ಕ್ರಿಸ್ಮಸ್ಸಿನ ತಿಂಡಿ ಕುಸ್ವಾರ್ ಮಾಡಬೇಕು, ಅದರಲ್ಲಿ ಕೊಕ್ಕಿಸಿನ ಹಿಟ್ಟಿಗೆ ಮೊಟ್ಟೆ ಬೇಕು, ಸರಿಯಾಗಿ ಆಗಲೇ ಇವು ಮುಷ್ಕರ ಹೂಡುತ್ತವೆ. ಕ್ರಿಸ್ಮಸ್ಸಿನ ನಕ್ಷತ್ರದ ದೀಪ ತೂಗಿಸಿದ ಮರುದಿನ ಮೊಟ್ಟೆ ಬರುತ್ತದೆ ಎಂದು ನನ್ನವರು ತಮಾಷೆ ಮಾಡುತ್ತಿದ್ದರು. ಹಾಗೆಲ್ಲ ಬರುವುದಿಲ್ಲ, ಬೆಳಕು ಕೆಲಸ ಮಾಡಲು ವಾರಗಳು ಬೇಕು. ನವೆಂಬರಿನಿಂದಲೇ ಒಂದು ಸಣ್ಣ ಬಲ್ಬನ್ನು ಬೆಳಗಿನ ಜಾವ ಉರಿಸು. ಸಂಜೆ ಬೇಡ, ಫಕ್ಕನೆ ಆರಿಸಿದರೆ ಕೋಲು ಹತ್ತದ ಕೋಳಿ ಕತ್ತಲಲ್ಲಿ ನೆಲದಲ್ಲೇ ಉಳಿಯುತ್ತದೆ. ಬೂದಿ ಬುಧವಾರ ಕಳೆದು ಹಗಲು ಉದ್ದವಾಗುತ್ತ ಬಂದರೆ ತಾನಾಗಿ ಮೊಟ್ಟೆ ರಾಶಿ ಬೀಳುತ್ತದೆ. ಆಗ ತೊಳೆಯದೆ, ಚೂಪು ತುದಿ ಕೆಳಗೆ ಮಾಡಿ ತಂಪಿನಲ್ಲಿ ಇಡು.

ಹೊರಗಿನಿಂದ ತಂದ ಕೋಳಿಯನ್ನು ಮೂರು ವಾರ ಬೇರೆ ಇಡಬೇಕು. ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ಇಗರ್ಜಿಯ ಹಬ್ಬದಲ್ಲಿ ಹರಕೆಗೆ ಬಂದ ಹುಂಜವನ್ನು ಏಲಂನಲ್ಲಿ ಕೂಗಿ ತಂದು, ದೇವರ ಹುಂಜ ಅಂತ ಅಂದೇ ಗೂಡಿಗೆ ಬಿಟ್ಟೆ. ವಾರದೊಳಗೆ ಹಸಿರು ಹಿಕ್ಕೆ, ಬಾಯಿ ತೆರೆದು ಏದುಸಿರು, ಕತ್ತು ತಿರುಚಿಕೊಂಡು ಒಂದೊಂದೇ ಹೋದವು. ಕೊಕ್ಕರೆ ರೋಗ. ಅದಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ ಉಂಟು. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಹನಿ, ಆರೆಂಟು ವಾರಕ್ಕೆ ಇನ್ನೊಮ್ಮೆ ಚುಚ್ಚುಮದ್ದು, ಪಶುವೈದ್ಯರಲ್ಲಿ ಕೇಳಿ ಹಾಕಿಸು. ಐಸಿನಲ್ಲೇ ತರಬೇಕು. ಹುಂಜ ಬೇಕೇಬೇಕೆಂದೂ ಇಲ್ಲ, ಮರಿ ಮಾಡದಿದ್ದರೆ ಹುಂಜವಿಲ್ಲದೆಯೂ ಮೊಟ್ಟೆ ಬರುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬಕ್ಕೆ, ಮಕ್ಕಳು ಹೂ ಕೊಯ್ಯುವ ಒಂಬತ್ತು ದಿನ ಗಿಡದ ಬುಡ ಕೆದರದ ಹಾಗೆ ಕೋಳಿಗಳನ್ನು ಹಿಂದಿನ ಅಂಗಳಕ್ಕೆ ಬಿಡು. ಹಬ್ಬದ ದಿನ ಹೊಸ ತೆನೆಯ ಊಟ, ತರಕಾರಿ ಮಾತ್ರ. ಹುಂಜಕ್ಕೂ ಅಂದು ನಿಶ್ಚಿಂತೆ.

ಇಷ್ಟು ಬರೆದು ಮುಗಿಸುವಾಗ ಅವಳದ್ದೇ ಫೋನು. ಮೊನ್ನೆ ಫೋನಿನಲ್ಲಿ ನಾನು ಹೇಳಿದ ಹಾಗೆ ಎರಡು ದಿನ ಹತ್ತು ಗಂಟೆಯ ತನಕ ಕೂಡಿಹಾಕಿದಳಂತೆ, ಎಂಟು ಮೊಟ್ಟೆ, ಒಂಬತ್ತು ಮೊಟ್ಟೆ. ಅನುಮಾನ ಬಂದು ಬಾವಿಕಟ್ಟೆಯ ಹಿಂದಿನ ಮಡಲ ರಾಶಿ ಎತ್ತಿ ನೋಡಿದರೆ ಅಡಿಯಲ್ಲಿ ಹನ್ನೊಂದು ಮೊಟ್ಟೆ. ನೀರಿಗೆ ಹಾಕಿ ನೋಡು ಅಂದೆ. ಏಳು ತಳದಲ್ಲಿ ಮಲಗಿದವು, ನಾಲ್ಕು ತೇಲಿದವು. ತೇಲಿದ್ದನ್ನು ಒಡೆಯದೆ ತೆಂಗಿನ ಬುಡದಲ್ಲಿ ಹೂಳು, ಆ ಮಡಲನ್ನು ಇವತ್ತೇ ಅಲ್ಲಿಂದ ಎತ್ತಿಸು ಅಂದೆ.