ಗಿಟಾರ್ ನನ್ನದಲ್ಲ, ಶ್ರುತಿ ನನ್ನದು

ಹೆಸರಾಂತ ರಾಕ್ ಬ್ಯಾಂಡ್ ಒಂದರ ಜೊತೆ ರೋಡಿಯಾಗಿ, ಅಂದರೆ ಸಾಮಾನು ಸಾಗಿಸಿ ವೇದಿಕೆ ಸಜ್ಜು ಮಾಡುವವನಾಗಿ, ಊರೂರು ತಿರುಗುತ್ತೇನೆ. ಗಿಟಾರ್‌ಗಳು ನನ್ನ ಜವಾಬ್ದಾರಿ. ಜನ ಕೇಳುವುದು ಪಾರ್ಟಿಗಳ ಬಗ್ಗೆ. ನನಗೆ ಹೇಳೋಕೆ ಇರುವುದು ತಂತಿ, ಕೇಬಲ್, ಲಾರಿಗಳ ಕಥೆ.

ಲಾರಿ ತುಂಬುವುದೇ ಒಂದು ವಿದ್ಯೆ. ವೇದಿಕೆಯಲ್ಲಿ ಮೊದಲು ಲೈಟು, ಸ್ಪೀಕರ್ ಮೇಲೇರಬೇಕು. ನಮ್ಮ ಗಿಟಾರ್, ಅದರ ಸದ್ದು ದೊಡ್ಡದು ಮಾಡುವ ಆಂಪ್, ಡ್ರಮ್‌ಗಳ ಸರದಿ ಆಮೇಲೆ. ಹಾಗಾಗಿ ನಾಳೆ ಮೊದಲು ಬೇಕಾದದ್ದು ಇವತ್ತು ರಾತ್ರಿ ಕೊನೆಗೆ ಒಳಗೆ ಹೋಗಬೇಕು.

ಹೊಸ ತಂತಿ ಹಾಕಿದ ಕೂಡಲೇ ಶ್ರುತಿ ನಿಲ್ಲುವುದಿಲ್ಲ. ಬೆರಳಲ್ಲಿ ಮೆಲ್ಲಗೆ ಎಳೆದು, ಶ್ರುತಿ ಮಾಡಿ, ಮತ್ತೆ ಎಳೆಯುತ್ತೇನೆ. ಇಳಿಯುವುದು ನಿಲ್ಲುವವರೆಗೆ ಇದೇ ಕೆಲಸ. ಸಂಜೆ ಲೈಟಿನ ಶಾಖಕ್ಕೆ ತಂತಿ ಹಿಗ್ಗಿ ಮತ್ತೆ ಶ್ರುತಿ ಇಳಿಯುತ್ತದೆ. ಅದಕ್ಕೇ ಪ್ರತಿ ಗಿಟಾರನ್ನೂ ಕೈಗೆ ಕೊಡುವ ಮುಂಚೆ ಇನ್ನೊಮ್ಮೆ ನೋಡುತ್ತೇನೆ.

ನಾನು ಹಟ ಹಿಡಿಯುವುದು ಅರ್ತಿಂಗ್ ವಿಷಯದಲ್ಲಿ. ಆಂಪ್ ಗುಂಯ್ ಅಂದರೆ 'ಅರ್ತ್ ವೈರ್ ಬಿಚ್ಚು, ಸದ್ದು ಹೋಗುತ್ತೆ' ಅನ್ನುವವರು ಈಗಲೂ ಇದ್ದಾರೆ. ಸದ್ದು ಹೋಗಬಹುದು, ಜೀವವೂ ಹೋಗಬಹುದು. ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರ್ ವಾದಕ ಲೆಸ್ ಹಾರ್ವಿ 1972ರಲ್ಲಿ ವೇಲ್ಸ್‌ನ ಸ್ವಾನ್‌ಸಿಯಲ್ಲಿ ವೇದಿಕೆಯ ಮೇಲೇ ಶಾಕ್ ಹೊಡೆದು ತೀರಿಕೊಂಡರು. ಅವರು ಮುಟ್ಟಿದ ಮೈಕ್‌ಗೆ ಸರಿಯಾದ ಅರ್ತಿಂಗ್ ಇರಲಿಲ್ಲ. ಹಾಡುತ್ತಾ ನುಡಿಸುವವರ ಬೆರಳು ಲೋಹದ ತಂತಿಯ ಮೇಲೆ, ತುಟಿ ಮೈಕ್‌ನ ಜಾಲರಿಯ ಮೇಲೆ. ಎರಡರ ನಡುವೆ ವೋಲ್ಟೇಜ್ ಇದ್ದರೆ ಕರೆಂಟ್ ಹರಿಯುವುದು ಅವರ ಮೈಯಲ್ಲೇ. ಸೌಂಡ್‌ಚೆಕ್‌ಗೆ (ಶೋಗೆ ಮೊದಲಿನ ಸದ್ದಿನ ಪರೀಕ್ಷೆ) ಮುಂಚೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನ ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕ್‌ಗೆ ಹಿಡಿದು ನೋಡದೆ ನಾನು ಯಾರನ್ನೂ ಹತ್ತಿರ ಬಿಡುವುದಿಲ್ಲ. ತಡ ಆಯ್ತು ಅಂತ ಬೈದರೆ ಬೈಯಲಿ.

ಜಾಸ್ತಿ ದುಡ್ಡಿಗೆ ಬೇರೆಯವರು ಕರೆದದ್ದುಂಟು. ಹೋಗಲಿಲ್ಲ. 'ನೀನೇ ಯಾಕೆ ಸ್ಟೇಜ್ ಹತ್ತಬಾರದು? ಮೋಟರ್‌ಹೆಡ್ ಬ್ಯಾಂಡ್ ಕಟ್ಟಿದ ಲೆಮ್ಮಿ ಕೂಡ ಮೊದಲು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ಗೆ ರೋಡಿಯಾಗಿದ್ದನಲ್ವಾ?' ಅಂತಲೂ ಕೇಳುತ್ತಾರೆ. ನನಗೆ ಆ ಆಸೆಯೇ ಇಲ್ಲ. ನಮ್ಮ ವಾದಕರ ಕೈ ನನಗೆ ಚೆನ್ನಾಗಿ ಗೊತ್ತು. ಬೆವರು ಜಾಸ್ತಿ, ತಂತಿ ಬೇಗ ಕಪ್ಪಾಗುತ್ತೆ. ಸಿಟ್ಟು ಬಂದರೆ ಹೊಡೆತವೂ ಜೋರು.

ಹಾಡಿನ ನಡುವೆ ಅವರು ನನ್ನತ್ತ ತಿರುಗಿದರೆ ತಂತಿ ಕಡಿದಿದೆ ಅಂತ ಲೆಕ್ಕ. ಬದಲಿ ಗಿಟಾರ್ ಅಷ್ಟರಲ್ಲಿ ನನ್ನ ಕೈಯಲ್ಲಿರುತ್ತದೆ. ಕೊಟ್ಟು ಬಂದವನು ಕೂತು ಉಸಿರಾಡುವಂತಿಲ್ಲ. ಇನ್ನೆರಡು ಹಾಡು ಕಳೆದರೆ ಆ ತಂತಿ ಕಡಿದ ಗಿಟಾರನ್ನೇ ಮತ್ತೆ ಕೇಳುತ್ತಾರೆ.