ಮೀನಿನ ಕೀಮಾಕ್ಕೆ ಬಾಳೆದಿಂಡಿನ ನಾರು: ತಯಾರಿಸುವ ಮತ್ತು ಬೆರೆಸುವ ಕ್ರಮ

ಗೊನೆ ಕಡಿದ ಮೇಲೆ ತೋಟದಲ್ಲೇ ಕೊಳೆಯಲು ಬಿಡುವ ಬಾಳೆದಿಂಡಿನಲ್ಲಿ ನಾರು ಧಾರಾಳವಾಗಿದೆ. ಮೀನಿನ ಮಾಂಸದಲ್ಲಿ ಒಳ್ಳೆಯ ಪ್ರೋಟೀನಿದ್ದರೂ ನಾರು ಇಲ್ಲವೇ ಇಲ್ಲ. ಗೋಧಿ, ಓಟ್ಸ್, ಕಿತ್ತಳೆ ಸಿಪ್ಪೆ ಮುಂತಾದವುಗಳ ನಾರನ್ನು ಮೀನಿನ ಕೀಮಾಕ್ಕೂ ಸುರಿಮಿಗೂ (ನೀರಿನಲ್ಲಿ ತೊಳೆದ ಮೀನಿನ ಕೀಮಾ) ಬೆರೆಸಿ ಆಹಾರ ವಿಜ್ಞಾನಿಗಳು ಪ್ರಯೋಗ ನಡೆಸಿದ್ದಾರೆ. ಬೇಯುವಾಗ ಸೋರಿಹೋಗುವ ನೀರನ್ನು ನಾರು ಹಿಡಿದಿಡುತ್ತದೆಯೇ ಹೊರತು ಕೆಟ್ಟ ಮೀನನ್ನು ಒಳ್ಳೆಯದಾಗಿಸುವುದಿಲ್ಲ. ಆದ್ದರಿಂದ ಕೆಲಸವನ್ನು ಮೀನಿನಿಂದಲೇ ಆರಂಭಿಸಬೇಕು.

ಕಟ್ಲೆಟ್ಟಿಗೂ ಮೀನಿನ ಉಂಡೆಗೂ ಕರಾವಳಿಯಲ್ಲಿ ಸಿಗುವ ರಾಣಿ ಮೀನು, ಅಂದರೆ ತುಳುವರ ಮದಿಮಾಳ್, ಬಹಳ ಸೂಕ್ತ. ಅದರ ಮಾಂಸ ಬಿಳಿ, ಕೊಬ್ಬು ಕಡಿಮೆ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ಮೇಲೇಳಬೇಕು. ನಮ್ಮ ಸೆಖೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಬೇಕು, ಅದೂ ಪುಡಿ ಮಾಡಿ ಪದರ ಪದರವಾಗಿ ಹಾಕಿದ್ದಾಗಿರಬೇಕು. ಬಂಗುಡೆ, ಬೂತಾಯಿ ಬಳಸುವವರು ಇನ್ನೂ ಎಚ್ಚರದಿಂದಿರಬೇಕು: ಐಸಿಲ್ಲದೆ ಬಿಸಿಲಿನಲ್ಲಿದ್ದ ಈ ಮೀನುಗಳಲ್ಲಿ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ಎಂಬ ವಿಷ ಹುಟ್ಟುತ್ತದೆ, ಮತ್ತು ಒಮ್ಮೆ ಹುಟ್ಟಿದ ಹಿಸ್ಟಮಿನ್ ಎಷ್ಟು ಬೇಯಿಸಿದರೂ ನಾಶವಾಗುವುದಿಲ್ಲ. ಮಸಾಲೆಯೂ ನಿಂಬೆರಸವೂ ವಾಸನೆಯನ್ನು ಮುಚ್ಚಬಲ್ಲವು, ವಿಷವನ್ನಲ್ಲ.

ಇನ್ನು ನಾರಿನ ಪುಡಿ. ದಿಂಡಿನ ಹೊರ ಪದರಗಳನ್ನು ಸುಲಿದು ಒಳಗಿನ ಬಿಳಿ ಭಾಗವನ್ನು ತೆಳ್ಳಗಿನ ಬಿಲ್ಲೆಗಳಾಗಿ ಕತ್ತರಿಸಬೇಕು. ಪ್ರತಿ ಬಿಲ್ಲೆಯ ನಂತರ ಎಳೆ ಎಳೆಯಾಗಿ ಬರುವ ನೂಲನ್ನು ಬೆರಳಿಗೆ ಸುತ್ತಿ ತೆಗೆದುಹಾಕಬೇಕು, ಏಕೆಂದರೆ ಆ ನೂಲು ಮಿಕ್ಸಿಯ ಅಲಗಿಗೆ ಸುತ್ತಿಕೊಳ್ಳುತ್ತದೆ. ಕತ್ತರಿಸಿದ ದಿಂಡು ಗಾಳಿಗೆ ಕಪ್ಪಾಗುವುದು ಅದರಲ್ಲಿರುವ ಕಿಣ್ವದಿಂದ. ಪಲ್ಯಕ್ಕೆ ಹೆಚ್ಚುವಾಗ ಮನೆಯ ಹಿರಿಯರು ಅದನ್ನು ಮಜ್ಜಿಗೆ ನೀರಿಗೆ ಹಾಕುವುದು ಇದೇ ಕಾರಣಕ್ಕೆ: ಹುಳಿಯಲ್ಲಿ ಆ ಕಿಣ್ವದ ಕೆಲಸ ಕುಂದುತ್ತದೆ. ಇಲ್ಲಿ ಮಜ್ಜಿಗೆಯ ಬದಲು ನಿಂಬೆರಸ ಹಿಂಡಿದ ನೀರನ್ನು ಬಳಸಿ, ಬಳಿಕ ಬಿಲ್ಲೆಗಳನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆದರೆ ಬಣ್ಣ ಉಳಿಯುತ್ತದೆ. ನೀರು ಹಿಂಡಿ, 60 ಡಿಗ್ರಿ ಸೆಲ್ಸಿಯಸ್ ಮೀರದ ಶಾಖದಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ, ಪುಡಿ ಮಾಡಿ, ತೆಳು ಜರಡಿಯಲ್ಲಿ ಸೋಸಬೇಕು. ದಿಂಡಿನಲ್ಲಿ ನೀರೇ ಹೆಚ್ಚಾಗಿರುವುದರಿಂದ ಒಂದು ಕಿಲೋಗೆ ನೂರು ಗ್ರಾಂ ಪುಡಿಯೂ ಸಿಗುವುದಿಲ್ಲ. ಪುಡಿ ದಪ್ಪಗಿದ್ದರೆ ತಿನ್ನುವಾಗ ನಾಲಗೆಗೆ ಮರಳಿನಂತೆ ತಾಗುತ್ತದೆ.

ಬೆರೆಸುವ ಮೊದಲು ಪುಡಿ ಎಷ್ಟು ನೀರು ಹಿಡಿಯುತ್ತದೆಂದು ಅಳೆಯಲೇಬೇಕು. ಐದು ಗ್ರಾಂ ಪುಡಿಯನ್ನು ನೂರು ಮಿಲಿಲೀಟರ್ ನೀರಿನಲ್ಲಿ ಒಂದು ಗಂಟೆ ನೆನೆಸಿ, ಒದ್ದೆ ಮಾಡಿ ಹಿಂಡಿದ ತೆಳುಬಟ್ಟೆಯಲ್ಲಿ ಹಿಂಡದೆ ಸೋಸಿ, ಬಟ್ಟೆಯಲ್ಲಿ ಉಳಿದ ಮುದ್ದೆಯನ್ನು ತೂಗಬೇಕು. ಅದು 35 ಗ್ರಾಂ ಬಂದರೆ 30 ಗ್ರಾಂ ನೀರನ್ನು, ಅಂದರೆ ತನ್ನ ತೂಕದ ಆರು ಪಟ್ಟು ನೀರನ್ನು, ಹಿಡಿದಿದೆ ಎಂದರ್ಥ. ಈ ಲೆಕ್ಕದಷ್ಟೇ ನೀರಿನಲ್ಲಿ ಪುಡಿಯನ್ನು ಮೊದಲೇ ನೆನೆಸಿ, ತಣ್ಣಗೆ ಇಟ್ಟುಕೊಳ್ಳಬೇಕು. ಒಣಪುಡಿಯನ್ನೇ ಸುರಿದರೆ ಅದು ಮೀನಿನ ಪ್ರೋಟೀನಿಗೆ ಬೇಕಾದ ನೀರನ್ನು ಕಸಿದುಕೊಳ್ಳುತ್ತದೆ. ಹಾಗೆ ಮಾಡಿದ ನನ್ನ ಮೊದಲ ಕಟ್ಲೆಟ್‌ಗಳು ಕಾವಲಿಯ ಮೇಲೆ ತಿರುವುವಾಗಲೇ ಒಡೆದುಹೋದವು.

ಬೆರೆಸುವ ಅನುಕ್ರಮವನ್ನು ಬದಲಿಸಬಾರದು. ಮುಳ್ಳು, ಚರ್ಮ ಮತ್ತು ಹೊಟ್ಟೆಯೊಳಗಿನ ಪೊರೆ ತೆಗೆದ 500 ಗ್ರಾಂ ಮಾಂಸವನ್ನು ಕೀಮಾ ಮಾಡಿ, ಮೊದಲು 10 ಗ್ರಾಂ ಉಪ್ಪನ್ನು ಮಾತ್ರ ಹಾಕಿ ಅಂಟು ಬರುವವರೆಗೆ ನಾದಬೇಕು. ಉಪ್ಪಿನಲ್ಲಿ ಕರಗಿ ಹೊರಬರುವ ಮಯೋಸಿನ್ ಎಂಬ ಪ್ರೋಟೀನೇ ಮುಂದೆ ಕಾವಿಗೆ ಬಲೆಯಂತೆ ಹೆಣೆದುಕೊಂಡು ಉಂಡೆಗೆ ಪುಟಿಯುವ ಗುಣ ಕೊಡುವುದು. ಕೀಮಾ 10 ಡಿಗ್ರಿಗಿಂತ ಬಿಸಿಯಾಗದಂತೆ ಬಟ್ಟಲನ್ನು ಐಸಿನ ಮೇಲೆ ಇಟ್ಟುಕೊಳ್ಳಿ. ಅಂಟು ಬಂದ ಮೇಲೆ ನೆನೆಸಿದ ನಾರನ್ನು ಸೇರಿಸಬೇಕು. ಒಣ ತೂಕದಲ್ಲಿ 10 ಗ್ರಾಂ ಮೊದಲ ಪ್ರಯತ್ನಕ್ಕೆ ಸಾಕು. ನಾರು ಹೆಚ್ಚಾದರೆ ಅದರ ಕಣಗಳು ಪ್ರೋಟೀನಿನ ಬಲೆಯ ನಡುವೆ ಸೇರಿ ಹೆಣಿಗೆಯನ್ನು ತುಂಡರಿಸುತ್ತವೆ, ಉಂಡೆ ಪುಡಿಪುಡಿಯಾಗುತ್ತದೆ.

ಉಂಡೆಗಳನ್ನು ಆವಿಯಲ್ಲಿಡುವಾಗ ನೀರು ಮೊದಲೇ ಭರದಿಂದ ಕುದಿಯುತ್ತಿರಬೇಕು. ಸುಮಾರು 50ರಿಂದ 60 ಡಿಗ್ರಿಯ ನಡುವೆ ಮೀನಿನದೇ ಕಿಣ್ವಗಳು ಆ ಬಲೆಯನ್ನು ಕಡಿಯುತ್ತವೆ. ರಾಣಿ ಮೀನಿನಲ್ಲಿ ಈ ದೋಷ ಎದ್ದು ಕಾಣುವುದರಿಂದ ಆ ಹಂತವನ್ನು ಬೇಗ ದಾಟಿಸಬೇಕು.

ನಾರು ಹಾಕಿದ ಮತ್ತು ಹಾಕದ ಉಂಡೆಗಳನ್ನು ಒಂದೇ ದಿನ, ಒಂದೇ ಮೀನಿನಿಂದ ಮಾಡಿ, ಬೇಯಿಸುವ ಮೊದಲೂ ನಂತರವೂ ತೂಗಿ ಬರೆದಿಡಿ. ನೂರು ಗ್ರಾಂ ಬೆಂದು 88 ಗ್ರಾಂ ಆದರೆ ನಷ್ಟ ಶೇಕಡಾ 12. ನಾರು ಹಾಕಿದ ಉಂಡೆಯ ನಷ್ಟ ನಾರು ಹಾಕದ ಉಂಡೆಯದಕ್ಕಿಂತ ಕಡಿಮೆಯಿದ್ದು, ಬೆಂದ ಉಂಡೆಯಿಂದ ಕತ್ತರಿಸಿ ಎರಡು ಬೆರಳುಗಳ ನಡುವೆ ಮಡಚಿದ ತೆಳು ಬಿಲ್ಲೆ ಬಿರುಕು ಬಿಡದಿದ್ದರೆ ಮುಂದಿನ ಸಲ ಪುಡಿಯನ್ನು ಎರಡು ಮೂರು ಗ್ರಾಂ ಏರಿಸಿ ನೋಡಬಹುದು. ಬಿರುಕು ಬಿಟ್ಟರೆ ಅಷ್ಟನ್ನೇ ಇಳಿಸಬೇಕು.